ಸ್ಫೂರ್ತಿಗೀತೆಗಳ ಆಶಯ ಮತ್ತು ಧಾಟಿ: ಅರ್ಥೈಸುವಿಕೆಯ ಕೆಲವು ನೆಲೆಗಳು

'ಸ್ಫೂರ್ತಿಗೀತೆ' ಎಂಬುದು ಕಾವ್ಯಶಾಸ್ತ್ರ ಕೊಟ್ಟ ಹೆಸರಲ್ಲ. ಬಳಕೆಯಿಂದ ಹುಟ್ಟಿದ ಹೆಸರು. ಶಾಲೆಯ ಪ್ರಾರ್ಥನೆ, ಸಭೆಯ ಆರಂಭ, ಚಳವಳಿಯ ಮೆರವಣಿಗೆ, ಸುಗಮ ಸಂಗೀತದ ವೇದಿಕೆ, ಗೋಡೆಯ ಮೇಲಿನ ಬರಹ ಇವೆಲ್ಲವೂ ಸೇರಿ ಕೆಲವು ಕವಿತೆಗಳನ್ನು ಆಯ್ದುಕೊಂಡು ಅವಕ್ಕೆ ಈ ಪಟ್ಟವನ್ನು ಕಟ್ಟಿವೆ. ಹೀಗೆ ಆಯ್ಕೆಯಾದ ಕವಿತೆಗಳಿಗೆ ಒಂದು ವಿಚಿತ್ರವಾದ ಗತಿ ಒದಗುತ್ತದೆ. ಅವು ಎಲ್ಲರಿಗೂ ಕಂಠಸ್ಥವಾಗುತ್ತವೆ. ಆದ್ದರಿಂದಲೇ ಅವುಗಳನ್ನು ಯಾರೂ ಓದುವುದಿಲ್ಲ. ಗಂಭೀರ ವಿಮರ್ಶೆ ಅವುಗಳನ್ನು ಜನಪ್ರಿಯವೆಂದು ಬದಿಗಿಡುತ್ತದೆ, ತರಗತಿ ಅವುಗಳನ್ನು ಸುಲಭವೆಂದು ಬೇಗ ಮುಗಿಸುತ್ತದೆ. ಗೋಪಾಲಕೃಷ್ಣ ಅಡಿಗರ 'ಭೂಮಿಗೀತ'ಕ್ಕೆ ಹಲವು ತರಗತಿಗಳನ್ನು ಮೀಸಲಿಡುವ ಪಠ್ಯಕ್ರಮ ಅದೇ ಕವಿಯ 'ಕಟ್ಟುವೆವು ನಾವು' ಕವಿತೆಗೆ ಅರ್ಧ ತಾಸನ್ನೂ ಕೊಡಲು ಹಿಂಜರಿಯುತ್ತದೆ.

ಈ ಉಪೇಕ್ಷೆಗೆ ಕಾರಣ ಕವಿತೆಗಳ ಸರಳತೆಯಲ್ಲ, ಓದುವ ಕ್ರಮದಲ್ಲಿರುವ ದೋಷ. ಸ್ಫೂರ್ತಿಗೀತೆ ಎಂದೊಡನೆ ಓದು ಅದರ ಆಶಯವನ್ನು ಮಾತ್ರ ಹುಡುಕುತ್ತದೆ. 'ಕವಿಯ ಸಂದೇಶವೇನು?', 'ಕವಿತೆಯ ಸಾರಾಂಶವನ್ನು ಬರೆಯಿರಿ' ಎಂಬ ಪ್ರಶ್ನೆಪತ್ರಿಕೆಯ ರೂಢಿ ಇದನ್ನು ಬಲಪಡಿಸಿದೆ. ಸಂದೇಶವನ್ನು ತೆಗೆದಿಟ್ಟ ಮೇಲೆ ಉಳಿಯುವುದು ಸಿಪ್ಪೆ ಎಂಬ ಭಾವನೆ ಇಂತಹ ಪ್ರಶ್ನೆಗಳ ಹಿಂದಿದೆ. ಈ ಕ್ರಮದಿಂದ ಓದಿದಾಗ ಕುವೆಂಪು, ಡಿವಿಜಿ, ಅಡಿಗ, ಸಿದ್ಧಲಿಂಗಯ್ಯ ಇವರೆಲ್ಲ ಹೇಳುವುದು ಹೆಚ್ಚುಕಡಿಮೆ ಒಂದೇ ಆಗಿಬಿಡುತ್ತದೆ: ಮನುಷ್ಯ ದೊಡ್ಡವನಾಗಬೇಕು, ಸಮಾಜ ಒಳ್ಳೆಯದಾಗಬೇಕು. ಇಷ್ಟನ್ನು ಹೇಳಲು ನಾಲ್ವರು ಕವಿಗಳು ಬೇಕಿರಲಿಲ್ಲ. ಇವರನ್ನು ಪರಸ್ಪರ ಬೇರ್ಪಡಿಸುವುದು ಆಶಯವಲ್ಲ, ಆಶಯವನ್ನು ಆಡುವ ದನಿ. ಆ ದನಿಯನ್ನು ಗುರುತಿಸಿದ ಮೇಲೆ ಆಶಯವೂ ಮೊದಲು ಕಂಡಂತೆ ಉಳಿಯುವುದಿಲ್ಲ ಎಂಬುದು ಇಲ್ಲಿನ ಪ್ರತಿಪಾದನೆ.

ಪರಿಭಾಷೆಯ ವಿಷಯದಲ್ಲಿ ಒಂದೆರಡು ಮಾತು ಅಗತ್ಯ. ಐ. ಎ. ರಿಚರ್ಡ್ಸ್ ೧೯೨೯ರ 'ಪ್ರಾಕ್ಟಿಕಲ್ ಕ್ರಿಟಿಸಿಸಮ್' ಕೃತಿಯಲ್ಲಿ ಅರ್ಥದ ನಾಲ್ಕು ಮುಖಗಳನ್ನು ಗುರುತಿಸುತ್ತ, ಹೇಳುವವನು ಕೇಳುವವನ ಬಗೆಗೆ ತಾಳಿದ ನಿಲುವನ್ನು 'ಟೋನ್' ಎಂದು ಕರೆದ. ಕನ್ನಡ ವಿಮರ್ಶೆಯಲ್ಲಿ ಇದಕ್ಕೆ 'ಧ್ವನಿ' ಎಂಬ ಮಾತನ್ನು ಬಳಸುವುದುಂಟು. ಆದರೆ ಆನಂದವರ್ಧನನ ಬಳಿಕ 'ಧ್ವನಿ' ಎಂಬುದಕ್ಕೆ ವ್ಯಂಗ್ಯಾರ್ಥವೆಂಬ ಪಾರಿಭಾಷಿಕ ಅರ್ಥ ಗಟ್ಟಿಯಾಗಿ ಅಂಟಿಕೊಂಡಿರುವುದರಿಂದ ಈ ಬಳಕೆ ಗೊಂದಲವನ್ನು ತರುತ್ತದೆ. 'ಧಾಟಿ' ಹೆಚ್ಚು ಯೋಗ್ಯವಾದ ಪದ. ಹಾಡಿನ ಮಟ್ಟು ಎಂಬ ಅರ್ಥವೂ ಮಾತಿನ ರೀತಿ ಎಂಬ ಅರ್ಥವೂ ಅದಕ್ಕಿದೆ. ಹಾಡಾಗಿ ಬಾಳುವ ಕವಿತೆಗಳ ಚರ್ಚೆಯಲ್ಲಿ ಈ ಇಬ್ಬಗೆ ಉಪಯುಕ್ತವೇ ಹೊರತು ತೊಡಕಲ್ಲ. ಹಾಗೆಂದು ಈ ಪರಿಕಲ್ಪನೆ ಪಶ್ಚಿಮದಿಂದಲೇ ಬಂದಿತೆಂದು ತಿಳಿಯಬೇಕಾಗಿಲ್ಲ. ಭರತನ ನಾಟ್ಯಶಾಸ್ತ್ರದಲ್ಲಿ 'ಕಾಕು'ವಿನ ವಿಚಾರವಿದೆ. ಮಮ್ಮಟನು ವ್ಯಂಗ್ಯಾರ್ಥ ಹೊಮ್ಮಲು ಕಾರಣವಾಗುವ ಸಂಗತಿಗಳನ್ನು ಪಟ್ಟಿ ಮಾಡುವಾಗ ವಕ್ತೃ, ಕೇಳುವವನು, ಕಾಕು ಈ ಮೂರನ್ನೂ ಸೇರಿಸುತ್ತಾನೆ. ಯಾರು, ಯಾರಿಗೆ, ಯಾವ ದನಿಯಲ್ಲಿ ಎಂಬ ಪ್ರಶ್ನೆ ಹೀಗೆ ಹಳೆಯದೇ. ಸ್ಫೂರ್ತಿಗೀತೆಗಳ ಓದಿನಲ್ಲಿ ಮಾತ್ರ ಅದನ್ನು ಕೇಳುವ ಅಭ್ಯಾಸ ತಪ್ಪಿಹೋಗಿದೆ.

'ಕಟ್ಟುವೆವು ನಾವು' ಕವಿತೆ ಅಡಿಗರ ೧೯೪೮ರ ಸಂಕಲನಕ್ಕೆ ಹೆಸರು ಕೊಟ್ಟಿತು. ೧೯೪೬ರ 'ಭಾವತರಂಗ'ದ ಅನಂತರ, ೧೯೫೨ರ 'ನಡೆದು ಬಂದ ದಾರಿ'ಗೆ ಮೊದಲು ಬಂದ ಸಂಕಲನವಿದು. ಸ್ವಾತಂತ್ರ್ಯ ಬಂದು ಒಂದು ವರ್ಷವೂ ಸರಿಯಾಗಿ ಕಳೆದಿರದ, ಗಾಂಧೀಜಿಯವರ ಹತ್ಯೆಯಾದ ವರ್ಷ ಅದು. ಕರ್ನಾಟಕದ ಏಕೀಕರಣಕ್ಕೆ ಇನ್ನೂ ಎಂಟು ವರ್ಷ ಕಾಯಬೇಕಿತ್ತು. ಹೊಸ ನಾಡನ್ನು ಕಟ್ಟುವ ಮಾತು ಇಂಥ ಹೊತ್ತಿನಲ್ಲಿ ಸಹಜವಾಗಿತ್ತು. ಆದ್ದರಿಂದ ಕವಿತೆಯನ್ನು ರಾಷ್ಟ್ರನಿರ್ಮಾಣದ ಉತ್ಸಾಹದ ಅಭಿವ್ಯಕ್ತಿಯೆಂದು ಓದುವುದು ವಾಡಿಕೆ. ಈ ಓದು ತಪ್ಪಲ್ಲ, ಆದರೆ ಅಪೂರ್ಣ.

ಕವಿತೆಯ ವಾಕ್ಯರಚನೆಯನ್ನು ಗಮನಿಸಿದರೆ ಬೇರೊಂದು ಸಂಗತಿ ಎದುರಾಗುತ್ತದೆ. ಕಟ್ಟುತ್ತೇವೆಂಬ ಪ್ರತಿಜ್ಞೆ ಮುಗಿಯುತ್ತಿದ್ದಂತೆ 'ಮುನ್ನ' ಎಂದು ಕೊನೆಯಾಗುವ ಅಧೀನ ವಾಕ್ಯಗಳು ಒಂದರ ಮೇಲೊಂದು ಬರುತ್ತವೆ. ನೆತ್ತರಿನ ಬಿಸಿ ತಣ್ಣಗಾಗುವುದು, ತಾರುಣ್ಯದ ಮೋಡಿ ಮಾಸುವುದು, ಹುಮ್ಮಸ್ಸಿನ ಕಡಲು ಒಣಗುವುದು ಇವು ಆ ವಾಕ್ಯಗಳ ವಸ್ತು. ಈ ಅವನತಿಗಳನ್ನು ಕವಿತೆ ಸಾಧ್ಯತೆಗಳೆಂದು ಹೇಳುತ್ತಿಲ್ಲ ಎಂಬುದು ಮುಖ್ಯ. 'ತಣಿದರೆ', 'ಮಾಸಿದರೆ' ಎಂಬ ಪಕ್ಷಾರ್ಥಕ ರೂಪ ಇಲ್ಲಿಲ್ಲ. 'ಮುನ್ನ' ಎಂಬ ಅವ್ಯಯ ತನ್ನ ಹಿಂದಿನ ಕ್ರಿಯೆ ನಡೆದೇ ತೀರುತ್ತದೆಂಬುದನ್ನು ಒಪ್ಪಿಕೊಂಡಿರುತ್ತದೆ. 'ಮಳೆ ಬರುವ ಮುನ್ನ ಮನೆ ಸೇರಬೇಕು' ಎನ್ನುವವನಿಗೆ ಮಳೆ ಬರುವ ವಿಷಯದಲ್ಲಿ ಸಂಶಯವಿರುವುದಿಲ್ಲ. ಆದ್ದರಿಂದ ಕವಿತೆಯ ಆರಂಭದಲ್ಲೇ ಎರಡು ಭವಿಷ್ಯಗಳಿವೆ. ಕಟ್ಟುವುದು ಸಂಕಲ್ಪದ ಭವಿಷ್ಯ. ಬತ್ತುವುದು ನಿಶ್ಚಯದ ಭವಿಷ್ಯ. ಇವೆರಡರಲ್ಲಿ ಯಾವುದು ಗಟ್ಟಿ ಎಂಬ ಪ್ರಶ್ನೆಗೆ ವ್ಯಾಕರಣ ಕೊಡುವ ಉತ್ತರ ಉತ್ಸಾಹದಾಯಕವಾದುದಲ್ಲ.

ಮುಂದೆ ಎದೆಯ ಕನಸುಗಳನ್ನು ಕಾಮಧೇನುವಿಗೆ ಹೋಲಿಸುವ ಭಾಗದಲ್ಲಿ ಕ್ರಿಯಾಪದಗಳು ಸಂಭಾವನಾರ್ಥಕ ರೂಪವನ್ನು ತಾಳುತ್ತವೆ. ಪ್ರೌಢಶಾಲೆಯ ವ್ಯಾಕರಣದಲ್ಲಿ ವಿಧ್ಯರ್ಥಕ, ನಿಷೇಧಾರ್ಥಕಗಳ ಜೊತೆಗೆ ಕಲಿಸುವ ಈ ರೂಪ ಕ್ರಿಯೆ ನಡೆಯುವ ಬಗೆಗೆ ಸಂಶಯವನ್ನೋ ಊಹೆಯನ್ನೋ ಸೂಚಿಸುವಂಥದು: 'ಬರುವುವು' ಎಂಬುದಕ್ಕೂ 'ಬಂದಾವು' ಎಂಬುದಕ್ಕೂ ಇರುವ ಅಂತರ ಕನ್ನಡ ಬಲ್ಲ ಯಾರಿಗೂ ಹೊಸದಲ್ಲ. ಪ್ರತಿಜ್ಞೆಯ ಕ್ರಿಯಾಪದ ಭವಿಷ್ಯತ್ತಿನದು, ಫಲದ ಕ್ರಿಯಾಪದ ಸಂಭಾವನೆಯದು. ದುಡಿಮೆಯ ಬಗ್ಗೆ ಖಚಿತವಾಗಿರುವ ದನಿ ದುಡಿಮೆಯ ಫಲದ ಬಗ್ಗೆ ಆಸೆಯನ್ನಷ್ಟೇ ಇಟ್ಟುಕೊಂಡಿದೆ. ಛಂದಸ್ಸಿನ ಅನುಕೂಲಕ್ಕೆ ಆ ರೂಪ ಬಂದಿದೆಯೆಂದು ವಾದಿಸಬಹುದು. ಆದರೆ ಜಾತಿ ಮತ ಭೇದಗಳನ್ನು ಸುತ್ತಲಿನ ಕಂದಕವಾಗಿ ಕಾಣುವ, ಕೋಟೆಯನ್ನೇರಲು ಕಟ್ಟುವವರ ದೇಹಗಳೇ ಮೆಟ್ಟಿಲಾಗುವುದನ್ನು ಕಲ್ಪಿಸುವ ಕವಿತೆಯಲ್ಲಿ ಈ ಎಚ್ಚರ ಕೇವಲ ಮಾತ್ರೆಗಳ ಲೆಕ್ಕದಿಂದ ಬಂದುದೆಂದು ನಂಬುವುದು ಕಷ್ಟ. ಕಟ್ಟಿದವರು ಕಟ್ಟಿದ ನಾಡಿನಲ್ಲಿ ಬಾಳುತ್ತಾರೆಂಬ ಭರವಸೆಯನ್ನೂ ಈ ಚಿತ್ರ ಕೊಡುವುದಿಲ್ಲ.

'ನಾವು' ಎಂಬ ಸರ್ವನಾಮವೂ ವಿಚಾರಾರ್ಹ. ತಮಿಳಿನಲ್ಲಿ 'ನಾಮ್', 'ನಾಂಗಳ್' ಎಂದೂ ತೆಲುಗಿನಲ್ಲಿ 'ಮನಮು', 'ಮೇಮು' ಎಂದೂ ಕೇಳುವವರನ್ನು ಒಳಗೊಳ್ಳುವ ಮತ್ತು ಹೊರಗಿಡುವ ಎರಡು ಉತ್ತಮಪುರುಷ ಬಹುವಚನಗಳಿವೆ. ಹೊಸಗನ್ನಡದಲ್ಲಿ ಈ ಭೇದವಿಲ್ಲ. ಆದ್ದರಿಂದ ಕವಿತೆಯ 'ನಾವು' ಒಂದು ತಲೆಮಾರಿನ ತರುಣರ ಗುಂಪೇ, ಓದುಗನೂ ಸೇರಿದ ಇಡೀ ಸಮುದಾಯವೇ ಎಂಬುದು ಭಾಷೆಯ ಮಟ್ಟದಲ್ಲಿ ತೀರ್ಮಾನವಾಗದು, ಧಾಟಿಯೇ ತೀರ್ಮಾನಿಸಬೇಕು. ಹರೆಯದ ಕುರಿತ ಮಾತುಗಳು ಮೊದಲನೆಯ ಅರ್ಥದ ಕಡೆಗೆ ವಾಲುತ್ತವೆ. ಹರೆಯ ಕಳೆದವನು ಈ ಕವಿತೆಯ ಹೊರಗೆ ನಿಂತು ಕೇಳಬೇಕಾಗುತ್ತದೆ. (ಸಭೆಗಳಲ್ಲಿ ವೇದಿಕೆಯ ಮೇಲಿನ ಹಿರಿಯರು ಇದಕ್ಕೆ ತಲೆದೂಗುವುದನ್ನು ಈ ಹಿನ್ನೆಲೆಯಲ್ಲಿ ಊಹಿಸಿಕೊಂಡರೆ ಕವಿತೆಯ ಇನ್ನೊಂದು ಅರ್ಥವೇ ತೆರೆದೀತು.) ಆದರೆ ಸಾಮೂಹಿಕ ಗಾಯನದಲ್ಲಿ ಎಲ್ಲರೂ ದನಿಗೂಡಿಸಿದೊಡನೆ ಆ 'ನಾವು' ಎಲ್ಲರನ್ನೂ ಒಳಗೊಂಡುಬಿಡುತ್ತದೆ, ಅದರ ವಯಸ್ಸು ಅಳಿಸಿಹೋಗುತ್ತದೆ.

ಅಡಿಗರ ಕಾವ್ಯದ ಬೆಳವಣಿಗೆಯನ್ನು ಕುರಿತ ಪ್ರಚಲಿತ ನಿರೂಪಣೆಗೂ ಇದು ಸಂಬಂಧಿಸಿದೆ. ಆರಂಭದಲ್ಲಿ ನವೋದಯದ ಆದರ್ಶ, ಅನಂತರ ಭ್ರಮನಿರಸನ, ೧೯೫೪ರ 'ಚಂಡೆಮದ್ದಳೆ'ಯಿಂದ ವ್ಯಂಗ್ಯ ಎಂಬ ಮೂರು ಮೆಟ್ಟಿಲಿನ ಕಥನ ಪಠ್ಯಪುಸ್ತಕಗಳಲ್ಲಿ ಸ್ಥಿರವಾಗಿದೆ. 'ನಡೆದು ಬಂದ ದಾರಿ'ಯ ಮುನ್ನುಡಿಯಲ್ಲಿ ಕವಿಯೇ ಹೊಸ ಮಾರ್ಗದ ಅಗತ್ಯವನ್ನು ಸಾರಿರುವುದರಿಂದ ಈ ಕಥನಕ್ಕೆ ಅಧಿಕೃತತೆಯೂ ದೊರೆತಿದೆ. ಆದರೆ ಮೇಲಿನ ಓದನ್ನು ಒಪ್ಪಿದರೆ ಉತ್ಸಾಹದ ಒಡಲಲ್ಲೇ ಅದರ ಅಳಿವಿನ ಅರಿವು ೧೯೪೮ರಲ್ಲಿಯೇ ಇತ್ತೆಂದಾಗುತ್ತದೆ. ನವ್ಯದ ಅಡಿಗರು ಹಿಂದಿನ ಅಡಿಗರನ್ನು ನಿರಾಕರಿಸಿದರೆನ್ನುವುದಕ್ಕಿಂತ, ಅಲ್ಲಿ ಅಧೀನ ವಾಕ್ಯದಲ್ಲಿದ್ದುದು ಇಲ್ಲಿ ಪ್ರಧಾನ ವಾಕ್ಯವಾಯಿತೆನ್ನುವುದು ಹೆಚ್ಚು ಸಮಂಜಸ. ಕಟ್ಟಿದ ನಾಡು 'ಗೊಂದಲಪುರ'ವಾಗಿ ಕಂಡಿತೆಂಬುದು ಆಕಸ್ಮಿಕವಾದ ತಿರುವಲ್ಲ.

ಹಾಗಾದರೆ ಈ ಕವಿತೆಯ ಆತಂಕ ಕೇಳುಗರ ಕಿವಿಗೆ ಏಕೆ ಬೀಳುವುದಿಲ್ಲ? ಹಾಡುಗಾರಿಕೆಯ ಕ್ರಮದಲ್ಲಿ ಉತ್ತರದ ಒಂದು ಭಾಗವಿದೆ. ಕವಿತೆ ಗೀತೆಯಾಗುವಾಗ ಅದರ ಮೊದಲ ಸಾಲುಗಳು ಪಲ್ಲವಿಯಾಗಿ ಪ್ರತಿ ಚರಣದ ಕೊನೆಗೂ ಮರುಕಳಿಸುತ್ತವೆ. ಮುದ್ರಿತ ಪಠ್ಯದಲ್ಲಿ ಓದುಗನು ಒಂದು ಆತಂಕದಿಂದ ಇನ್ನೊಂದು ಆತಂಕಕ್ಕೆ ಹೋಗುತ್ತಾನೆ. ಗಾಯನದಲ್ಲಿ ಕೇಳುಗನು ಪ್ರತಿ ಆತಂಕದಿಂದಲೂ ಪ್ರತಿಜ್ಞೆಗೆ ಹಿಂದಿರುಗುತ್ತಾನೆ. ಸಮಯದ ಅಭಾವದಿಂದ ಕೆಲವು ಚರಣಗಳನ್ನು ಬಿಡುವುದೂ ರೂಢಿ, ಬಿಟ್ಟುಹೋಗುವುದು ಸಾಮಾನ್ಯವಾಗಿ ಕಠಿಣವಾದ ಚರಣ. ಕೆ. ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ಅವರು ಸಂಗೀತ ಸಂಯೋಜಿಸಿದ 'ನಿತ್ಯೋತ್ಸವ' ಧ್ವನಿಸುರುಳಿ ೧೯೭೮ರಲ್ಲಿ ಬಂದ ಬಳಿಕ ಕನ್ನಡ ಕವಿತೆಯನ್ನು ಕಣ್ಣಿಗಿಂತ ಮೊದಲು ಕಿವಿಯಿಂದ ಪಡೆಯುವ ತಲೆಮಾರುಗಳು ಬೆಳೆದವು. ಆ ಉಪಕಾರ ದೊಡ್ಡದು, ಅದನ್ನು ಅಲ್ಲಗಳೆಯುವ ಉದ್ದೇಶ ಇಲ್ಲಿಲ್ಲ. ಆದರೆ ಮಟ್ಟು ಎಂಬುದೂ ಒಂದು ವ್ಯಾಖ್ಯಾನ. ೨೦೦೪ರಲ್ಲಿ ನಾಡಗೀತೆಯೆಂದು ಅಂಗೀಕೃತವಾದ ಕುವೆಂಪು ಅವರ ಗೀತೆಯ ವಿಷಯದಲ್ಲಿ ಮಟ್ಟಿನ ಕುರಿತು ಚರ್ಚೆ ವರ್ಷಗಟ್ಟಲೆ ನಡೆದು, ೨೦೨೨ರಲ್ಲಿ ಸರ್ಕಾರ ಮೈಸೂರು ಅನಂತಸ್ವಾಮಿ ಅವರ ಧಾಟಿಯನ್ನೂ ೨ ನಿಮಿಷ ೩೦ ಸೆಕೆಂಡಿನ ಅವಧಿಯನ್ನೂ ನಿಗದಿಪಡಿಸಬೇಕಾಯಿತು. ಧಾಟಿ ಬರಿಯ ಅಲಂಕಾರವಾಗಿದ್ದರೆ ಇಷ್ಟು ಚರ್ಚೆಗೆ ಆಸ್ಪದವಿರುತ್ತಿರಲಿಲ್ಲ.

ಕುವೆಂಪು ಅವರ 'ಅನಿಕೇತನ' ಕವಿತೆಯನ್ನು ಅಡಿಗರ ಕವಿತೆಯ ಪಕ್ಕದಲ್ಲಿಟ್ಟರೆ ಒಂದು ಕುತೂಹಲಕರ ವೈದೃಶ್ಯ ಕಾಣುತ್ತದೆ. ಅಡಿಗರಲ್ಲಿ 'ಕಟ್ಟು' ಧಾತು ಪ್ರತಿಜ್ಞೆ; ಕುವೆಂಪು ಅವರಲ್ಲಿ ಅದೇ ಧಾತು ನಿಷೇಧ. ಚೇತನವು ಎಲ್ಲಿಯೂ ನೆಲೆನಿಲ್ಲಬಾರದು, ಮನೆ ಮಾಡಿಕೊಳ್ಳಬಾರದು, ಅಂತ್ಯವನ್ನು ತಲುಪಬಾರದು. ಇವೆಲ್ಲ ನಿಷೇಧರೂಪಕ್ಕೆ 'ಇರು' ಎಂಬ ವಿಧಿ ಸೇರಿ ಆದ ಕ್ರಿಯೆಗಳು. ಸ್ಫೂರ್ತಿಯ ಕವಿತೆಯೊಂದು ಇಷ್ಟು ಬೇಡಗಳಿಂದ ಕೂಡಿರುವುದು ಅಪರೂಪ. ಬೇರೆ ದನಿಯಲ್ಲಿ ಇವು ಕಟ್ಟಪ್ಪಣೆಗಳಂತೆ ಕೇಳಬಹುದಿತ್ತು. ಇಲ್ಲಿ ಹಾಗಾಗದಿರಲು ಕಾರಣ ಸಂಬೋಧನೆ. ಕವಿತೆ ಮಾತಾಡುತ್ತಿರುವುದು ಲೋಕಕ್ಕಲ್ಲ, ತನ್ನದೇ ಚೇತನಕ್ಕೆ. ಉಪದೇಶಕನೂ ಉಪದಿಷ್ಟನೂ ಒಬ್ಬನೇ ಆದುದರಿಂದ ನಿಷೇಧದಲ್ಲಿ ಅಧಿಕಾರದ ಕಾವು ಇಲ್ಲ, ಬೇಡಿಕೆಯ ಆರ್ದ್ರತೆ ಇದೆ. ಒಂದೇ ಬಗೆಯ ಪದಾಂತ್ಯಗಳ ಮರುಕಳಿಕೆಯಿಂದ ಅದಕ್ಕೆ ಜಪದ ಲಯವೂ ಬಂದಿದೆ.

ಈ ಆತ್ಮಸಂಬೋಧನೆಯನ್ನು ಮರೆತು 'ವಿಶ್ವಮಾನವ ಸಂದೇಶ'ವೆಂಬ ಶೀರ್ಷಿಕೆಯ ಕೆಳಗೆ ಕವಿತೆಯನ್ನು ಸೇರಿಸಿದಾಗ ಅದು ಇತರರಿಗೆ ಹೇಳಿದ ಬುದ್ಧಿಮಾತಾಗುತ್ತದೆ. ಸಂದೇಶವಾಗಿ ಅದು ಎಷ್ಟು ನಿರಪಾಯಕಾರಿ ಆಗಿದೆಯೆಂದರೆ, ಮನೆ ಕಟ್ಟಬೇಡವೆನ್ನುವ ಈ ಗೀತೆಯನ್ನು ಗೃಹಪ್ರವೇಶದ ದಿನ ಹಾಡಿದರೂ ಯಾರಿಗೂ ಕಸಿವಿಸಿಯಾಗಲಾರದು. ರೂಪ, ನಾಮ, ಮತ, ತತ್ವ ಎಲ್ಲವನ್ನೂ ದಾಟಬೇಕೆಂಬ ಒತ್ತಾಯದಲ್ಲಿ ತನ್ನ ನೆಲೆಯನ್ನೇ ಕಳೆದುಕೊಳ್ಳುವ ಭಯವೂ ಅಡಗಿದೆ. ಮಲೆನಾಡಿನ ಮನೆಯನ್ನು ತಮ್ಮ ಕಾದಂಬರಿಗಳಲ್ಲಿ ಅಷ್ಟು ಅಕ್ಕರೆಯಿಂದ ಕಟ್ಟಿದ ಲೇಖಕರು ತಮ್ಮ ಚೇತನಕ್ಕೆ ಮನೆ ಬೇಡವೆಂದು ಮತ್ತೆ ಮತ್ತೆ ಹೇಳಿಕೊಳ್ಳಬೇಕಾಗಿದ್ದುದು ಆ ಸೆಳೆತ ಎಷ್ಟು ಬಲವಾಗಿತ್ತೆಂಬುದಕ್ಕೆ ಸಾಕ್ಷಿ. ಒಮ್ಮೆ ಹೇಳಿದರೆ ಒಪ್ಪುವ ಚೇತನಕ್ಕೆ ಯಾರೂ ಹಾಡು ಬರೆಯುವುದಿಲ್ಲ.

ಡಿವಿಜಿಯವರ 'ಮಂಕುತಿಮ್ಮನ ಕಗ್ಗ' (೧೯೪೩) ಈ ಚರ್ಚೆಯಲ್ಲಿ ಸೇರಲೇಬೇಕಾದ ಕೃತಿ, ಆದರೆ ಇಲ್ಲಿ ಅದರ ಒಂದು ಅಂಶವನ್ನಷ್ಟೇ ಎತ್ತಿಕೊಳ್ಳಬಹುದು. ಒಂಬೈನೂರಕ್ಕೂ ಹೆಚ್ಚು ಪದ್ಯಗಳಿರುವ ಈ ಕೃತಿಯಿಂದ ಆಹ್ವಾನಪತ್ರಿಕೆಗಳಿಗೂ ಗೋಡೆಬರಹಗಳಿಗೂ ಬಂದಿರುವುದು ವಿಧ್ಯರ್ಥಕ ಕ್ರಿಯಾಪದಗಳಿರುವ ಕೆಲವೇ ಪದ್ಯಗಳು. ಕೃತಿಯ ಆರಂಭದಲ್ಲಿಯೇ ಬದುಕಿನ ಅರ್ಥವನ್ನು, ದೇವರ ಇರುವಿಕೆಯನ್ನು ಕುರಿತ ಪ್ರಶ್ನೆಗಳ ಸರಣಿಯಿದೆ, ಅವು ಗೋಡೆಯನ್ನೇರುವುದಿಲ್ಲ. ಇನ್ನು ವಿಧಿಪರ ಪದ್ಯಗಳಲ್ಲಿಯೂ ಹುಲ್ಲು, ಮಲ್ಲಿಗೆ, ಕಲ್ಲು, ಬೆಲ್ಲ ಎಲ್ಲವೂ ಆಗಬೇಕೆನ್ನುವ ಅತಿಪ್ರಸಿದ್ಧ ಪದ್ಯವನ್ನೇ ನೋಡಿದರೆ, ಅಲ್ಲಿ ಹೇಳಿದ ಗುಣಗಳು ಒಂದರೊಡನೊಂದು ಹೊಂದುವುದಿಲ್ಲ: ಬಾಗುವ ಹುಲ್ಲೂ ಅಲುಗದ ಕಲ್ಲೂ ಒಂದೇ ಮನುಷ್ಯನಲ್ಲಿರಬೇಕು. ಹೀಗೆ ಅಸಾಧ್ಯವನ್ನು ಕೇಳಿದ ಮೇಲೆ ಪದ್ಯ ಮುಗಿಯುವುದು 'ಮಂಕುತಿಮ್ಮ' ಎಂಬ ಹೆಸರಿನಿಂದ. ಅದು ಅಂಕಿತವೂ ಹೌದು, ಸಂಬೋಧನೆಯೂ ಹೌದು, ಸ್ವಲ್ಪಮಟ್ಟಿಗೆ ತನಗೆ ತಾನೇ ಕೊಟ್ಟುಕೊಂಡ ಬೈಗುಳವೂ ಹೌದು. 'ಕಗ್ಗ' ಎಂಬ ಹೆಸರೂ ಮಾತಿನ ಗೌರವವನ್ನು ತಾನೇ ತಗ್ಗಿಸಿಕೊಳ್ಳುವಂಥದು. ಕೊನೆಯ ಪದವನ್ನು ರಾಗವಾಗಿ ಎಳೆದು ಮುಗಿಸುವ ವಾಚನಕ್ರಮದಲ್ಲಿ ಈ ತಗ್ಗಿದ ದನಿ, ಆ ನಸುನಗೆ ಕಳೆದುಹೋಗಿ ಉಪದೇಶವಷ್ಟೇ ಉಳಿಯುತ್ತದೆ.

ಇಲ್ಲಿಯವರೆಗಿನ ವಿಶ್ಲೇಷಣೆ ಕ್ರಿಯಾಪದದ ಅರ್ಥರೂಪಗಳನ್ನು ಅವಲಂಬಿಸಿತ್ತು. ಸ್ಫೂರ್ತಿಗೀತೆಯ ಧಾಟಿ ವಿಧಿ, ನಿಷೇಧ, ಸಂಭಾವನೆಗಳಲ್ಲಿ ಸಿಗುತ್ತದೆಂಬ ಸೂತ್ರವನ್ನು ಇದರಿಂದ ರೂಪಿಸುವ ಆಸೆ ಸಹಜ. ಸಿದ್ಧಲಿಂಗಯ್ಯನವರ 'ನನ್ನ ಜನಗಳು' ಕವಿತೆ ಆ ಸೂತ್ರವನ್ನು ನಿಲ್ಲಗೊಡುವುದಿಲ್ಲ. ೧೯೭೫ರ 'ಹೊಲೆಮಾದಿಗರ ಹಾಡು' ಸಂಕಲನದ ಈ ಕವಿತೆ ಹೋರಾಟದ ಸಭೆಗಳಲ್ಲಿ ಬಾಯಿಂದ ಬಾಯಿಗೆ ಹರಡಿತು. ಏಳಿರಿ, ನಡೆಯಿರಿ ಎಂಬ ಕರೆಗಾಗಿ ಅದರಲ್ಲಿ ಹುಡುಕಿದರೆ ಸಿಗುವುದು ಜನರ ಪಟ್ಟಿ. ಹಸಿದವರು, ಕಲ್ಲು ಹೊತ್ತವರು, ಹೊಡೆತ ತಿಂದವರು, ಇತರರಿಗಾಗಿ ಮಹಲು ಕಟ್ಟಿದವರು. ಕೃದಂತಕ್ಕೆ ಸರ್ವನಾಮ ಸೇರಿ ಆದ ನಾಮಪದಗಳ ಈ ಸರಣಿಯಲ್ಲಿ ಪೂರ್ಣಕ್ರಿಯಾಪದಕ್ಕೆ ಕೆಲಸವೇ ಇಲ್ಲ. ಆಗಬೇಕಾದುದನ್ನು ಹೇಳದೆ ಆದುದನ್ನು ಮಾತ್ರ ಎಣಿಸುವ ಕವಿತೆ ಸ್ಫೂರ್ತಿಗೀತೆಯಾದುದು ಹೇಗೆ? ಎಣಿಕೆ ಮುಂದುವರಿದಂತೆ ಕೇಳುವವನಲ್ಲಿ ಲೆಕ್ಕ ಚುಕ್ತಾ ಆಗಿಲ್ಲವೆಂಬ ಭಾವ ಬಲಿಯುತ್ತದೆ. ಕರೆ ಪಠ್ಯದಲ್ಲಿಲ್ಲ, ಪಠ್ಯ ಮತ್ತು ಕೇಳುಗರ ನಡುವಿನ ಮೌನದಲ್ಲಿದೆ. ರಿಚರ್ಡ್ಸ್ ಹೇಳಿದ, ಕೇಳುಗರ ಬಗೆಗಿನ ನಿಲುವು ಇಲ್ಲಿ 'ನನ್ನ' ಎಂಬ ಒಂದು ಷಷ್ಠೀ ರೂಪದ ಮೇಲೆ ನಿಂತಿದೆ. ಅಡಿಗರ 'ನಾವು' ಕೇಳುಗನು ಒಳಗೋ ಹೊರಗೋ ಎಂಬುದನ್ನು ತೆರೆದಿಟ್ಟರೆ, ಈ 'ನನ್ನ' ಅದನ್ನು ನೇರವಾಗಿ ಕೇಳುತ್ತದೆ: ಇವರು ನನ್ನವರು, ನಿನಗೆ ಇವರು ಯಾರು?

ಆದ್ದರಿಂದ ಇದೇ ಕವಿತೆ ಎರಡು ಬಾಯಿಗಳಲ್ಲಿ ಎರಡು ಧಾಟಿಗಳನ್ನು ಪಡೆಯುತ್ತದೆ. ಆ ಜನರೊಳಗಿನವನು ಓದಿದಾಗ ಅದು ಹಕ್ಕಿನ ಮಾತು. ಹೊರಗಿನವನು ಓದಿದಾಗ ಅದು ಮರುಕದ ಮಾತಾಗುವ ಅಪಾಯವಿದೆ. ತರಗತಿಯಲ್ಲಿ ಈ ವ್ಯತ್ಯಾಸ ಪ್ರತ್ಯಕ್ಷವಾಗುವುದು ಒಂದು ಸಣ್ಣ ವ್ಯಾಕರಣಾಂಶದಲ್ಲಿ. ಕವಿತೆಯ ನಾಮಪದಗಳು ಗ್ರಾಂಥಿಕವಾದ '-ಅವರು' ಪ್ರತ್ಯಯವನ್ನು ಬಿಟ್ಟು ಆಡುಮಾತಿನ '-ಓರು' ರೂಪದಿಂದ ಕೊನೆಗೊಳ್ಳುತ್ತವೆ. ಶುದ್ಧವಾಗಿ ಓದಬೇಕೆಂಬ ಶಿಸ್ತಿನಲ್ಲಿ ಬೆಳೆದ ಓದುಗನ ನಾಲಗೆ ಈ '-ಓರು'ವನ್ನು ತನಗರಿವಿಲ್ಲದೆ '-ಅವರು' ಎಂದು ತಿದ್ದಿಬಿಡುತ್ತದೆ. ಆಶಯ ಆಗಲೂ ಅದೇ, ಸಾರಾಂಶದ ಉತ್ತರಕ್ಕೆ ಅಂಕಗಳೂ ಅಷ್ಟೇ ಬರುತ್ತವೆ. ಆದರೆ ಆ ಜನ ತಮ್ಮದೇ ಬಾಯಿಂದ ತಮ್ಮನ್ನು ಎಣಿಸಿಕೊಳ್ಳುತ್ತಿದ್ದ ಕವಿತೆ, ಬೇರೆ ಯಾರೋ ಅವರ ಬಗ್ಗೆ ಬರೆದ ವರದಿಯಾಗಿರುತ್ತದೆ.